ಸ್ಟೆಂಟಿನೊಳಗಣ ಮರುಸಂಕೋಚನ

ಹೃದಯದ ಸಂಕುಚಿತ ಧಮನಿಯನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯನ್ನು 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಆರಂಭಿಸಿದರಾದರೂ, ಹಿಗ್ಗಿದ ನಾಳವು ಎಷ್ಟೋ ರೋಗಿಗಳಲ್ಲಿ ಕೆಲವೇ ತಿಂಗಳುಗಳೊಳಗೆ ಪುನಃ ಕುಗ್ಗುತ್ತಿದ್ದುದರಿಂದ, 1986ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ನಾಳವನ್ನು ತೆರೆದಿಡುವ ಲೋಹಜಾಲದ ಸ್ಟೆಂಟು ಮೊದಲ ಬಾರಿಗೆ ಮಾನವಹೃದಯದ ಧಮನಿಯನ್ನು ಸೇರಿತು. ಆದರೆ ಸ್ಟೆಂಟಿನ ತಂತಿ ಒತ್ತಿದೆಡೆ ಗಾಯಗೊಂಡ ನಾಳಭಿತ್ತಿಯು, ಆ ಗಾಯವನ್ನು ಮಾಯಿಸಿಕೊಳ್ಳುವ ಭರದಲ್ಲಿ, ಸ್ನಾಯುಕೋಶಗಳನ್ನು ಮಿತಿಮೀರಿ ಬೆಳೆಯಿಸಿ ಸ್ಟೆಂಟಿನ ಒಳದಾರಿಯನ್ನೇ ಕಿರಿದಾಗಿಸುವುದುಂಟು, ಇದೇ ಮರುಸಂಕೋಚನ. ರಕ್ತ ಹೆಪ್ಪುಗಟ್ಟಿ ಹಠಾತ್ತನೆ ಮುಚ್ಚುವ ಥ್ರಾಂಬೋಸಿಸ್ ಬೇರೆ. ಸ್ನಾಯುಕೋಶಗಳ ಅತಿವೃದ್ಧಿಯನ್ನು ತಡೆಯುವ ಸಿರೋಲಿಮಸ್ ಎಂಬ ಔಷಧವು, ವಿಚಿತ್ರವೆಂಬಂತೆ, ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತುದು; ಅದನ್ನು ಲೇಪಿಸಿದ ಸ್ಟೆಂಟಿಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎ 2003ರಲ್ಲಿ ಸಮ್ಮತಿಯಿತ್ತಿತು. ಮಧುಮೇಹಿಗಳಲ್ಲಿಯೂ ಕಿರುನಾಳಗಳಲ್ಲಿಯೂ ಮರುಸಂಕೋಚನದ ತೊಡಕು ಇಂದಿಗೂ ಹೆಚ್ಚು. ನಾಳ ಹೀಗೆ ಮರಳಿ ಕುಗ್ಗಿದಾಗ ಔಷಧಲೇಪಿತ ಬಲೂನು, ಮತ್ತೊಂದು ಸ್ಟೆಂಟು ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆಯ ಮೊರೆಹೋಗುತ್ತಾರೆ.