ಪೈಥಾನ್ ಭಾಷೆಯಲ್ಲಿ ಸ್ಥಳೀಯ ಚರಾಕ್ಷರಗಳು

1991ರಲ್ಲಿ ಗೀಡೋ ವಾನ್ ರಾಸಮ್ ಅವರು ಹೊರತಂದ ಪೈಥಾನ್ ಭಾಷೆಯನ್ನು ಅಭ್ಯಾಸ ಮಾಡುವ ನನ್ನ ಸಹಪಾಠಿಗಳು ಒಂದು ಪ್ರಶ್ನೆಯನ್ನು ಕೇಳುವುದುಂಟು: ಫಂಕ್ಷನ್ನಿನೊಳಗಿನ ಚರಾಕ್ಷರದ ಬೆಲೆಯನ್ನು ‘ಲೋಕಲ್ಸ್’ ಮೂಲಕ ಬದಲಿಸಬಹುದೇ? ಈ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇನೆ.

ಲೋಕಲ್ಸ್ ಎಂದು ಕರೆದರೆ ಆ ಫಂಕ್ಷನ್ನಿನ ಚರಾಕ್ಷರಗಳ ಹೆಸರು, ಬೆಲೆಗಳುಳ್ಳ ಒಂದು ಡಿಕ್ಷನರಿ ದೊರೆಯುತ್ತದೆ. ಮರುಎಣಿಕೆಯಲ್ಲಿ ಒಬ್ಬ ವಿದ್ಯಾರ್ಥಿಯ 28 ಅಂಕ 38 ಆಯಿತೆನ್ನಿ. ‘ಅಂಕ’ ಎಂಬ ಚರಾಕ್ಷರವನ್ನು ಆ ಡಿಕ್ಷನರಿಯಲ್ಲಿ ತಿದ್ದಿ, ಬಳಿಕ ಮುದ್ರಿಸಿದರೆ ಬರುವುದು ಹಳೆಯ 28! ಯಂತ್ರವು ತಪ್ಪೆಂದು ಸೂಚಿಸುವುದೂ ಇಲ್ಲ. ನಷ್ಟ ಆ ವಿದ್ಯಾರ್ಥಿಗೆ.

ಇದಕ್ಕೆ ಕಾರಣವಿದೆ. ಫಂಕ್ಷನ್ ನಡೆಯುವ ಮೊದಲೇ ಕಂಪೈಲರು ಅದರ ಚರಾಕ್ಷರಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಕ್ರಮಾಂಕವುಳ್ಳ ಸ್ಥಾನವನ್ನು ಗೊತ್ತುಮಾಡಿರುತ್ತದೆ. ಲೋಕಲ್ಸ್ ನೀಡುವುದು ಅವುಗಳ ನಕಲನ್ನು ಮಾತ್ರ. ಪಹಣಿಯ ನಕಲನ್ನು ತಿದ್ದಿಕೊಂಡರೆ ಜಮೀನು ನಮ್ಮದಾಗುವುದೇ? ಕರೆದಾಗಲೆಲ್ಲ ಬೇರೆಯೇ ನಕಲು ದೊರೆಯಬೇಕೆಂಬುದನ್ನು 2024ರಲ್ಲಿ ಬಂದ 3.13ನೆಯ ಆವೃತ್ತಿಯು ನಿಯಮವನ್ನಾಗಿಯೇ ಮಾಡಿತು. ‘ಗ್ಲೋಬಲ್ಸ್’ ಕೊಡುವುದಾದರೋ ಮೂಲ ದಫ್ತರವನ್ನೇ. ಅಲ್ಲಿ ತಿದ್ದಿದ್ದು ಉಳಿಯುತ್ತದೆ.

ಆದುದರಿಂದ, ಹೆಸರುಗಳು ಮುಂಚಿತವಾಗಿ ತಿಳಿಯದಿದ್ದಾಗ ನಾವೇ ಒಂದು ಡಿಕ್ಷನರಿಯನ್ನು ರಚಿಸಿಕೊಂಡು ಬೆಲೆಗಳನ್ನು ಅದರಲ್ಲಿಡುವುದು ಕ್ಷೇಮವೆಂದು ನನ್ನ ಅಭಿಪ್ರಾಯ.