ಮೊದಲು ಪೋರ್ಟಿನ ಬಾಯಿ ನೋಡು

ಮಗೂ, ಯಲಹಂಕ ನ್ಯೂಟೌನಿನ ನಿನ್ನ ರೂಮಿಗೆ ಹಳೇ ಮಾನಿಟರು, ಪ್ರಿಂಟರು ಬಂದಿವೆ ಅಂದೆಯಲ್ಲ, ಒಳ್ಳೆಯದಾಯಿತು. ಆದರೆ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಬರೀ "ಮಾನಿಟರ್ ಕೇಬಲ್ ಕೊಡಿ" ಅನ್ನಬೇಡ. ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಬದಲಾಯಿಸಲು ನೀನು ಮತ್ತೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತೀಯ. ಮಾನಿಟರಿನ ಹಿಂಬದಿ, ಲ್ಯಾಪ್‌ಟಾಪಿನ ಅಂಚು, ಎರಡರ ಫೋಟೋ ತೆಗೆದಿಟ್ಟುಕೋ.

ನೀಲಿ ಬಾಯಿ, ಮೂರು ಸಾಲಿನಲ್ಲಿ 15 ತೂತು, ಆಚೀಚೆ ಸ್ಕ್ರೂ ಇದ್ದರೆ ಅದು ವಿಜಿಎ. ಅಷ್ಟೇ ಗಾತ್ರದಲ್ಲಿ ಎರಡೇ ಸಾಲು, 9 ಪಿನ್ ಇದ್ದರೆ ಸೀರಿಯಲ್ ಪೋರ್ಟು. ಅದು ಹಳೇ ಯಂತ್ರ ನಡೆಸುವ ಪೀಣ್ಯದ ಕಾರ್ಖಾನೆಯವರಿಗೆ ಬೇಕು, ನಿನಗಲ್ಲ. ಎಚ್‌ಡಿಎಂಐ ಬಾಯಿಗೆ ಕೆಳಗಿನ ಎರಡೂ ಮೂಲೆ ಒಳಕ್ಕೆ ಸರಿದಿರುತ್ತವೆ. ಡಿಸ್‌ಪ್ಲೇಪೋರ್ಟಿಗೆ ಒಂದೇ ಮೂಲೆ ಕತ್ತರಿಸಿರುತ್ತದೆ. ಮಾನಿಟರಿನಲ್ಲಿ ವಿಜಿಎ, ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಇದ್ದರೆ ಬರೀ ತಂತಿ ಸಾಲದು. ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್. ನಡುವೆ ಚಿಪ್ ಇರುವ ಕನ್ವರ್ಟರ್ ಬೇಕು. "ಎಚ್‌ಡಿಎಂಐ ಟು ವಿಜಿಎ" ಎಂದು ಇದೇ ಕ್ರಮದಲ್ಲಿ ಕೇಳು. ತಿರುಗಿಸಿ ಹೇಳಿದರೆ ಸಿಗುವುದು ಬೇರೆಯೇ ವಸ್ತು, ನೋಡಲು ಮಾತ್ರ ಒಂದೇ ತರಹ.

ಪ್ರಿಂಟರಿನದು ಸುಲಭ. ಮೇಲಿನ ಎರಡು ಮೂಲೆ ಸವರಿದ ಚೌಕಾಕಾರದ ಬಾಯಿ, ಯುಎಸ್‌ಬಿ-ಬಿ. 5 ಮೀಟರಿಗಿಂತ ಉದ್ದದ ಕೇಬಲ್ ಬೇಡ.

ನನಗೆ ಹೆಚ್ಚು ಚಿಂತೆ ಇರುವುದು ಟೈಪ್-ಸಿ ಬಗ್ಗೆ. 2014ರಲ್ಲಿ ಬಂದ ಈ 24 ಪಿನ್ನಿನ ಬಾಯಿಗೆ ಮೇಲೆ ಕೆಳಗೆ ಎಂಬುದಿಲ್ಲ, ಹೇಗೆ ಚುಚ್ಚಿದರೂ ಕೂರುತ್ತದೆ. ಆದರೆ ಕೂತ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಫೋನಿನ ಜೊತೆ ಬರುವ ಎಷ್ಟೋ ಕೇಬಲ್ಲುಗಳಲ್ಲಿ ಚಾರ್ಜಿಗೆ ಮತ್ತು ನಿಧಾನದ ಡೇಟಾಕ್ಕೆ ಬೇಕಾದಷ್ಟೇ ತಂತಿ ಇರುತ್ತದೆ. ಅವುಗಳಲ್ಲಿ ಚಿತ್ರ ಹಾಯುವುದಿಲ್ಲ. ಕೇಬಲ್ ಒಳ್ಳೆಯದಿದ್ದರೂ ಲ್ಯಾಪ್‌ಟಾಪಿನ ಆ ಪೋರ್ಟು ಚಿತ್ರ ಕೊಡದಿರಬಹುದು. ಪೋರ್ಟಿನ ಪಕ್ಕ ಮಿಂಚಿನ ಬಾಣವೋ, ಡಿಸ್‌ಪ್ಲೇಪೋರ್ಟಿನ ಗುರುತೋ ಇದೆಯೇ ನೋಡು. ಯಾವ ಗುರುತೂ ಕಾಣದಿದ್ದರೆ ಮಾಡೆಲ್ ನಂಬರ್ ಹಾಕಿ ಕಂಪನಿಯ ಕೈಪಿಡಿಯಲ್ಲೇ ಹುಡುಕು, ಅಂಗಡಿಯವರ ಊಹೆಯನ್ನು ನಂಬಿ ಕೂರಬೇಡ.

ಸಾಧ್ಯವಾದರೆ ಲ್ಯಾಪ್‌ಟಾಪನ್ನೇ ಬ್ಯಾಗಿಗೆ ಹಾಕಿಕೊಂಡು ಹೋಗು. ಅಲ್ಲೇ ಅವರ ಮಾನಿಟರಿಗೆ ಚುಚ್ಚಿಸಿ, ಪರದೆಯಲ್ಲಿ ಚಿತ್ರ ಮೂಡಿದ ಮೇಲೆ ದುಡ್ಡು ಕೊಡು. ಬಿಲ್ಲು ಕೇಳಿ ಪಡೆದುಕೋ.