ಮೊನೆ ಮುಚ್ಚಿದರೆ ಕಳೆ ತೊಡರದು

ಪ್ರಶ್ನೆ: ಟೆಕ್ಸಾಸ್‌ನ ಲೇಕ್ ಫೋರ್ಕ್‌ನಲ್ಲಿ ಬಾಸ್ ಮೀನಿಗೆ ಪ್ಲಾಸ್ಟಿಕ್ ಹುಳ ಹಾಕಿದಾಗಲೆಲ್ಲ ಗಾಳ ಕಳೆಗೆ ಸಿಕ್ಕಿಕೊಳ್ಳುತ್ತದೆ. ಏನು ಮಾಡಲಿ?

ಉತ್ತರ: ಗಾಳದ ಮೊನೆ ಹೊರಗಿರುವುದೇ ಕಾರಣ. ‘ಟೆಕ್ಸಾಸ್ ರಿಗ್’ ಕಟ್ಟಿ. ದಾರಕ್ಕೆ ಬುಲೆಟ್ ಆಕಾರದ ಭಾರ ಪೋಣಿಸಿ, ಕುತ್ತಿಗೆ ಬಾಗಿದ 3/0 ಅಳತೆಯ ಆಫ್‌ಸೆಟ್ ಗಾಳ ಕಟ್ಟಿ. ಮೊನೆಯನ್ನು ಹುಳದ ತಲೆಗೆ ಕಾಲಿಂಚು ಚುಚ್ಚಿ ಪಕ್ಕದಿಂದ ಹೊರತೆಗೆದು, ಗಾಳ ತಿರುಗಿಸಿ, ಮೊನೆಯನ್ನು ಹುಳದ ಮೈಯೊಳಗೆ ಹುದುಗಿಸಿ. ಹುಳ ನೆಟ್ಟಗಿರಲಿ, ಡೊಂಕಾದರೆ ನೀರಿನಲ್ಲಿ ಗಿರಗಿರನೆ ತಿರುಗಿ ದಾರ ಹುರಿಗೊಳ್ಳುತ್ತದೆ.

ಹುಳ ತಳ ಮುಟ್ಟಿದ ಮೇಲೆ ನಿಧಾನವಾಗಿ ಎಳೆಯಿರಿ. ಅದು ಕೆಳಗಿಳಿಯುವಾಗಲೇ ಬಾಸ್ ಕಚ್ಚುವುದುಂಟು. ದಾರ ಪಕ್ಕಕ್ಕೆ ಸರಿದರೆ ಸಡಿಲವನ್ನು ಸುತ್ತಿಕೊಂಡು ಬಲವಾಗಿ ಸೆಳೆಯಿರಿ. ಮೊನೆ ಪ್ಲಾಸ್ಟಿಕ್ ಸೀಳಿಕೊಂಡು ಬಾಯಿಗೆ ನಾಟಬೇಕು.

ಈ ಸರೋವರದಲ್ಲಿ ಸಿಕ್ಕ 16ರಿಂದ 24 ಇಂಚಿನ ಬಾಸ್ ಅನ್ನು ನೀರಿಗೇ ಬಿಡಬೇಕೆಂಬ ನಿಯಮವಿದೆ. ದಯವಿಟ್ಟು ತಪ್ಪದೆ ಪಾಲಿಸಿ.